ಮನೆಯಲ್ಲೇ ಹಣ್ಣಿನ ಸೈಡರ್ | ಕಿಟ್‌ನಲ್ಲಿ ಏನಿರುತ್ತೆ, ಕಾನೂನು ಏನನ್ನುತ್ತೆ, ಮಲೆನಾಡಿನ ಹಣ್ಣಿಗೆ ಯಾವ ದಾರಿ?

ಮುಚ್ಚಳಕ್ಕೆ ತೂತು ಇರುವ ಒಂದು ಬಕೆಟ್, ಬೆರಳುದ್ದದ ಪ್ಲಾಸ್ಟಿಕ್ ಏರ್‌ಲಾಕ್, ಒಂದು ಪೊಟ್ಟಣ ಯೀಸ್ಟ್. ಮನೆಯಲ್ಲಿ ಹಣ್ಣಿನ ಸೈಡರ್ ಮಾಡಲು ಬೇಕಾದ ಸಾಮಾನು ಬಹುಮಟ್ಟಿಗೆ ಇಷ್ಟೇ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಸಾಗರಕ್ಕೂ ಬರುತ್ತೆ, ತೀರ್ಥಹಳ್ಳಿಗೂ ಬರುತ್ತೆ. ಆದರೆ ಆ ಬಕೆಟ್‌ನಲ್ಲಿ ಎರಡು ವಾರ ಕಳೆದ ಮೇಲೆ ಸಿಗುವ ಪೇಯವನ್ನು ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ಮಾರಾಟಕ್ಕಲ್ಲ, ಮನೆಯವರಿಗಷ್ಟೇ ಅಂದರೂ ಅಪರಾಧವೇ. ಈ ಮಾತನ್ನು ಕಿಟ್ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಇದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹವ್ಯಾಸಿಗಳಿಗೆ ಸೀಮಿತವಾದ ವಿಷಯ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟಗಳಲ್ಲಿ ಪ್ರತಿವರ್ಷ ಬೇಸಿಗೆಯಿಂದ ಮಳೆಗಾಲದ ಹೊತ್ತಿಗೆ ಹಲಸು ಮರದಡಿಯಲ್ಲೇ ಕೊಳೆಯುತ್ತೆ. ಅನಾನಸ್ ಬೆಲೆ ಬಿದ್ದರೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಆ ಹಣ್ಣನ್ನು ಕಾನೂನಿನ ಒಳಗೇ ಏನು ಮಾಡಬಹುದು ಎಂಬ ಪ್ರಶ್ನೆ ಇಲ್ಲಿದೆ. ಅದಕ್ಕೆ ಮೊದಲು ಬಕೆಟ್ ಒಳಗೆ ಏನು ನಡೆಯುತ್ತೆ ಅಂತ ತಿಳಿದುಕೊಳ್ಳಬೇಕು.

ಸೈಡರ್ ಅಂದರೆ ಏನು?

ನಮ್ಮಲ್ಲಿ ಸೈಡರ್ ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ತೂಕ ಇಳಿಸಲು ಬೆಚ್ಚನೆ ನೀರಿಗೆ ಹಾಕಿ ಕುಡಿಯುವ ಆಪಲ್ ಸೈಡರ್ ವಿನೆಗರ್. ಅದು ಸೈಡರ್‌ನ ಮುಂದಿನ ಹಂತ. ಸೇಬಿನ ರಸ ಹುದುಗಿ ಆಲ್ಕೋಹಾಲ್ ಆದರೆ ಅದು ಸೈಡರ್. ಆ ಸೈಡರ್ ಗಾಳಿಗೆ ತೆರೆದುಕೊಂಡು, ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ಹುಳಿಯಾದರೆ ವಿನೆಗರ್.

ಸೈಡರ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 4ರಿಂದ 7ರಷ್ಟು ಇರುತ್ತೆ. ಬಿಯರ್‌ನ ಹತ್ತಿರ, ವೈನ್‌ಗಿಂತ ಕಡಿಮೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಸೈಡರ್ ಸೇಬಿನದ್ದೇ ಆಗಿರಬೇಕು. ಅನಾನಸ್, ನೇರಳೆ, ಗೇರುಹಣ್ಣಿನದ್ದಾದರೆ ಅದನ್ನು ಹಣ್ಣಿನ ವೈನ್ ಅನ್ನಬೇಕು. ಅಂಗಡಿಯಲ್ಲಿ ಸಿಗುವ 'ಫ್ರೂಟ್ ಸೈಡರ್' ಅಂದರೆ ಸೇಬಿನ ಸೈಡರ್‌ಗೆ ಬೇರೆ ಹಣ್ಣಿನ ಸ್ವಾದ ಕೂಡಿಸಿದ್ದು.

ಕಿಟ್‌ನಲ್ಲಿ ಏನೇನಿರುತ್ತೆ?

ಈ ಕಿಟ್‌ಗಳು ಜನಪ್ರಿಯವಾದದ್ದು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಲ್ಲಿ. ಒಂದು ಕಿಟ್‌ನಿಂದ ಸಾಮಾನ್ಯವಾಗಿ 20ರಿಂದ 23 ಲೀಟರ್ ಸೈಡರ್ ಆಗುತ್ತೆ. ಒಳಗೆ ಇರುವುದು ಇವು:

- ಗಟ್ಟಿ ಮಾಡಿದ ಸೇಬಿನ ರಸ. ಇದಕ್ಕೆ ನೀರು, ಸಕ್ಕರೆ ಸೇರಿಸಿಕೊಳ್ಳಬೇಕು.
- ಯೀಸ್ಟ್. ಬ್ರೆಡ್‌ಗೆ ಹಾಕುವ ಯೀಸ್ಟ್‌ನ ಜಾತಿಯೇ; ಆದರೆ ಪೇಯಕ್ಕೆ ಅಂತ ಆರಿಸಿದ ತಳಿ.
- ಹಣ್ಣಿನ ಸ್ವಾದದ ಪುಟ್ಟ ಪೊಟ್ಟಣ.
- ಕೆಲವು ಕಿಟ್‌ಗಳಲ್ಲಿ ಸಿಹಿಕಾರಕ.

ಬಕೆಟ್, ಏರ್‌ಲಾಕ್, ಹೈಡ್ರೋಮೀಟರ್, ಪಾತ್ರೆ-ಬಾಟಲಿ ಸೋಂಕು ತೆಗೆಯುವ ಪುಡಿ ಇವು ಕೆಲವೊಮ್ಮೆ ಜೊತೆಗೇ ಬರುತ್ತವೆ, ಕೆಲವೊಮ್ಮೆ ಬೇರೆ ಕೊಳ್ಳಬೇಕು.

ಹಣ್ಣಿನ ಸ್ವಾದದ ಪೊಟ್ಟಣ ಬೇರೆ ಯಾಕೆ? ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿದ ಮೇಲೆ ಹಣ್ಣಿನ ಸಿಹಿ ಹೋಗುತ್ತೆ. ಏಳುವ ಗುಳ್ಳೆಗಳ ಜೊತೆ ಪರಿಮಳವೂ ಅಷ್ಟಿಷ್ಟು ಹಾರಿಹೋಗುತ್ತೆ. ಸ್ಟ್ರಾಬೆರಿ ರಸವನ್ನು ಪೂರ್ತಿ ಹುದುಗಿಸಿ ಕುಡಿದರೆ ಸ್ಟ್ರಾಬೆರಿ ಅಂತ ಗುರುತು ಹಿಡಿಯುವುದೇ ಕಷ್ಟ. ಅದಕ್ಕೇ ಹುದುಗುವುದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸ್ವಾದ ಬೆರೆಸುತ್ತಾರೆ. ಸಿಹಿಯೂ ಹಾಗೆಯೇ: ಯೀಸ್ಟ್ ತಿನ್ನಲಾಗದ ಸಿಹಿಕಾರಕ ಹಾಕಿದರೆ ಮಾತ್ರ ಉಳಿಯುತ್ತೆ. ಲೇಬಲ್ ಮೇಲೆ ಹಣ್ಣಿನ ಚಿತ್ರ ದೊಡ್ಡದಾಗಿದ್ದರೂ ಬಕೆಟ್‌ನಲ್ಲಿ ಹುದುಗುವುದು ಮುಖ್ಯವಾಗಿ ಸೇಬಿನ ರಸ ಮತ್ತು ಸಕ್ಕರೆ.

ಬಕೆಟ್ ಒಳಗಿನ ಲೆಕ್ಕ

ದೋಸೆ ಹಿಟ್ಟು ರಾತ್ರಿ ಕಳೆದು ಬೆಳಗಾಗುವುದರೊಳಗೆ ಉಬ್ಬುವುದು ಎಲ್ಲರಿಗೂ ಗೊತ್ತು. ಅಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಇಲ್ಲಿ ಯೀಸ್ಟ್. ಯೀಸ್ಟ್ ಸಕ್ಕರೆಯನ್ನು ಒಡೆದು ಎರಡು ವಸ್ತು ಮಾಡುತ್ತೆ: ಈಥೈಲ್ ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಅನಿಲ. ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಒಂದು ಲೀಟರ್ ರಸದಲ್ಲಿ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಶೇ. 1ರಷ್ಟು ಆಲ್ಕೋಹಾಲ್ ಆಗುತ್ತೆ ಎಂಬುದು ಮನೆಯಲ್ಲಿ ಮಾಡುವವರ ಅಂದಾಜು. ಸೇಬಿನ ರಸದಲ್ಲಿ ಲೀಟರ್‌ಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತೆ, ಅದಕ್ಕೇ ಶೇ. 6ರ ಹತ್ತಿರ ಬಂದು ನಿಲ್ಲುತ್ತೆ.

ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅರ್ಧ ನೀರು ತುಂಬಿದ ಏರ್‌ಲಾಕ್ ಮಾಡುವ ಕೆಲಸ ಇಷ್ಟೇ. ಗುಳ್ಳೆ ನಿಂತಿತು ಅಂದಮಾತ್ರಕ್ಕೆ ಹುದುಗುವಿಕೆ ಮುಗಿಯಿತು ಅಂತ ಅಲ್ಲ. ಅದನ್ನು ಹೇಳುವುದು ಹೈಡ್ರೋಮೀಟರ್, ಅಂದರೆ ರಸದಲ್ಲಿ ತೇಲುವ ಗಾಜಿನ ಅಳತೆ ಕಡ್ಡಿ. ಶುರುವಿನಲ್ಲಿ 1.045 ತೋರಿಸಿದ್ದು ಇಳಿದು 1.000ದ ಆಸುಪಾಸಿಗೆ ಬಂದು, ಎರಡು-ಮೂರು ದಿನ ಅಲ್ಲಾಡದೆ ನಿಂತರೆ ಮುಗಿದಂತೆ.

ಉಷ್ಣಾಂಶ ಮತ್ತು ಮಳೆಗಾಲ

ಸೈಡರ್ ಯೀಸ್ಟ್‌ಗೆ ಹಿತವಾದದ್ದು ಸುಮಾರು 18ರಿಂದ 24 ಡಿಗ್ರಿ. ಹಣ್ಣು ಹೇರಳವಾಗಿರುವ ಏಪ್ರಿಲ್-ಮೇಯಲ್ಲಿ ಮಲೆನಾಡಿನ ಹಗಲು ಇದನ್ನು ಮೀರುತ್ತೆ. ಬಿಸಿ ಹೆಚ್ಚಾದರೆ ಯೀಸ್ಟ್ ಅವಸರದಲ್ಲಿ ಕೆಲಸ ಮಾಡಿ, ಗಂಟಲು ಸುಡುವಂಥ ಒರಟು ರುಚಿ ಬರುತ್ತೆ. ಮಳೆಗಾಲದಲ್ಲಿ ಉಷ್ಣಾಂಶ ಹೊಂದುತ್ತೆ, ಆದರೆ ಬೂಸ್ಟು ಮತ್ತು ಹಣ್ಣಿನ ನೊಣದ ಕಾಟ. ಒಂದು ನೊಣ ರಸಕ್ಕೆ ಬಿದ್ದರೂ ವಿನೆಗರ್ ಬ್ಯಾಕ್ಟೀರಿಯಾ ಜೊತೆಗೇ ಬಂದಿರುತ್ತೆ. ಕಿಟ್‌ನ ಸೂಚನೆಗಳಲ್ಲಿ ಪಾತ್ರೆ ತೊಳೆಯುವುದಕ್ಕೇ ಅಷ್ಟೊಂದು ಜಾಗ ಕೊಟ್ಟಿರುವುದು ಇದಕ್ಕೇ.

ನಮ್ಮ ಹಣ್ಣುಗಳು ಇದಕ್ಕೆ ಹೊಂದುತ್ತವಾ?

ಮಲೆನಾಡಿನಲ್ಲಿ ಸೇಬು ಬೆಳೆಯುವುದಿಲ್ಲ. ಬೇರೆ ಹಣ್ಣುಗಳ ಗುಣ ಒಂದೊಂದಕ್ಕೂ ಬೇರೆ.

*ಅನಾನಸ್*: ಸಕ್ಕರೆಯೂ ಹುಳಿಯೂ ಹದವಾಗಿ ಇರುವ ಹಣ್ಣು. ಸಕ್ಕರೆ ಸೇಬಿನ ರಸಕ್ಕೆ ಹತ್ತಿರ, ಪರಿಮಳ ಗಟ್ಟಿ. ಜಗತ್ತಿನ ಹಲವೆಡೆ ಇದರ ಸಿಪ್ಪೆಯನ್ನೂ ಹುದುಗಿಸಿ ಕುಡಿಯುತ್ತಾರೆ. ಮೆಕ್ಸಿಕೋದ 'ತೆಪಾಚೆ' ಅಂಥದ್ದು.

*ಹಲಸು*: ಚೆನ್ನಾಗಿ ಹಣ್ಣಾದ ಬಕ್ಕೆ ತೊಳೆಯಲ್ಲಿ ಸಕ್ಕರೆ ಬಹಳ. ನೀರು ಬೆರೆಸದೆ ಹುದುಗಿಸಿದರೆ ಸೈಡರ್ ಆಗದೆ ವೈನ್‌ನಷ್ಟು ಗಟ್ಟಿಯಾಗುತ್ತೆ. ಹುಳಿ ಕಡಿಮೆ ಇರುವುದರಿಂದ ಬೇಗ ಕೆಡುತ್ತೆ.

*ಗೇರುಹಣ್ಣು*: ರಸ ಹೇರಳ, ಆದರೆ ನಾಲಿಗೆ ಕಟ್ಟುವ ಒಗರು. ಕೊಯ್ದ ಒಂದೇ ದಿನದಲ್ಲಿ ಹುಳಿಯಲು ಶುರು. ಬೀಜ ತೆಗೆದುಕೊಂಡು ಹಣ್ಣು ಬಿಸಾಡುವುದೇ ನಮ್ಮಲ್ಲಿ ರೂಢಿ. ಗೋವಾದಲ್ಲಿ ಇದೇ ಹಣ್ಣು ಫೆನಿಯಾಗುತ್ತೆ; ಅದಕ್ಕೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ.

*ನೇರಳೆ*: ಬಣ್ಣ, ಒಗರು ಎರಡೂ ಇವೆ, ಕೆಂಪು ವೈನ್ ಥರದ ಪೇಯಕ್ಕೆ ಹೊಂದುತ್ತೆ.

*ಮುರುಗಲು*: ಹುಳಿ ವಿಪರೀತ, ಸಕ್ಕರೆ ಕಡಿಮೆ. ಹುದುಗಿಸುವುದಕ್ಕಿಂತ ನಮ್ಮ ಹಿರಿಯರು ಮಾಡಿದಂತೆ ಸಕ್ಕರೆ ಹಾಕಿ ಪಾಕ ಇಳಿಸುವುದೇ ಸರಿ.

ಅಪಾಯ ಎಲ್ಲಿದೆ?

ಮೊದಲನೆಯದು, ಬಾಟಲಿ ಸಿಡಿಯುವುದು. ಹುದುಗಿದ ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಕಾಲು ಲೀಟರ್ ಅನಿಲ ಬರುತ್ತೆ. ಗುಳ್ಳೆ ಬರಲಿ ಅಂತ ಬಾಟಲಿಗೆ ತುಂಬುವಾಗ ಲೀಟರ್‌ಗೆ ಐದಾರು ಗ್ರಾಂ ಸಕ್ಕರೆ ಹಾಕುವುದುಂಟು. ಆದರೆ ಹುದುಗುವಿಕೆ ಮುಗಿಯುವ ಮೊದಲೇ, ಲೀಟರ್‌ಗೆ 24-25 ಗ್ರಾಂ ಸಕ್ಕರೆ ಉಳಿದಿರುವಾಗಲೇ ಮುಚ್ಚಳ ಬಿಗಿದರೆ? ಅದು ಷಾಂಪೇನ್ ಬಾಟಲಿಯೊಳಗಿನ ಒತ್ತಡ. ಷಾಂಪೇನ್ ಬಾಟಲಿಯ ಗಾಜು ದಪ್ಪ, ತಳ ಒಳಗೆ ಬಾಗಿರುತ್ತೆ. ಮನೆಯಲ್ಲಿ ಬಿದ್ದಿರುವ ಜ್ಯೂಸ್ ಬಾಟಲಿಗೆ ಆ ತಾಕತ್ತಿಲ್ಲ. ಅದು ಸಿಡಿದರೆ ಗಾಜಿನ ಚೂರು ಕಣ್ಣಿಗೇ ಬರಬಹುದು. ಹಣ್ಣಿನ ರಸವನ್ನು ಬಿಗಿಯಾಗಿ ಮುಚ್ಚಿ ಹೊರಗಿಟ್ಟು ಮರೆಯುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತೆ.

ಎರಡನೆಯದು, ಮೆಥನಾಲ್ ಭಯ. 'ಮನೆಯಲ್ಲಿ ಮಾಡಿದ್ದು ಕುಡಿದರೆ ಕಣ್ಣು ಹೋಗುತ್ತೆ' ಅನ್ನುವ ಮಾತು ಎಲ್ಲ ಕಡೆ ಕೇಳುತ್ತೆ. ಹಣ್ಣಿನ ಪೆಕ್ಟಿನ್‌ನಿಂದ ಹುದುಗುವಾಗ ಅತ್ಯಲ್ಪ ಮೆಥನಾಲ್ ಬರುವುದು ನಿಜ. ಆದರೆ ಹುದುಗಿಸುವುದೇ ಬೇರೆ, ಬಟ್ಟಿ ಇಳಿಸುವುದೇ ಬೇರೆ. ಕುದಿಸಿ, ಆವಿ ಹಿಡಿದು, ಗಟ್ಟಿ ಮಾಡುವ ಕೆಲಸ ಸೈಡರ್‌ನಲ್ಲಿ ಇಲ್ಲ. ನಮ್ಮ ದೇಶದ ದೊಡ್ಡ ಕಳ್ಳಬಟ್ಟಿ ದುರಂತಗಳಲ್ಲಿ ಜನ ಸತ್ತದ್ದು ಹಣ್ಣು ಹುದುಗಿಸಿ ಅಲ್ಲ. ಕಾರ್ಖಾನೆಗೆ ಬಳಸುವ ಮೆಥನಾಲ್ ಕಲಬೆರಕೆಯಿಂದ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. 2024ರಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಹೆಚ್ಚಿನವರು ಬಡವರು. ಅಬಕಾರಿ ಕಾನೂನು ಯಾಕೆ ಇಷ್ಟು ಬಿಗಿ ಅನ್ನುವುದಕ್ಕೆ ಈ ಸಾವುಗಳೂ ಕಾರಣ.

ಮೂರನೆಯದನ್ನು ಮರೆಯುವಂತಿಲ್ಲ: ಶೇ. 6ರಷ್ಟಿದ್ದರೂ ಅದು ಮದ್ಯ. 'ಹಣ್ಣಿನದು, ಆರೋಗ್ಯಕ್ಕೆ ಒಳ್ಳೆಯದು' ಅನ್ನುವುದು ವ್ಯಾಪಾರದ ಮಾತು.

ಕಾನೂನು ಏನನ್ನುತ್ತೆ?

ಮದ್ಯ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಇಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ವ್ಯಾಖ್ಯೆಯಲ್ಲಿ ವೈನ್, ಬಿಯರ್, ಸೇಂದಿ ಮಾತ್ರವಲ್ಲ, ಆಲ್ಕೋಹಾಲ್ ಇರುವ ದ್ರವಗಳೆಲ್ಲ ಮದ್ಯವೇ. ಸೈಡರ್ ಎಂಬ ಹೆಸರು ಅಲ್ಲಿದೆಯೋ ಇಲ್ಲವೋ ಎಂದು ಹುಡುಕುವ ಅಗತ್ಯವೇ ಇಲ್ಲ.

13ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವಂತೆಯೂ ಇಲ್ಲ. ಉಲ್ಲಂಘಿಸಿದರೆ 32ನೇ ಸೆಕ್ಷನ್ ಅಡಿ ಜೈಲು ಮತ್ತು ದಂಡ. ಬಕೆಟ್, ಯೀಸ್ಟ್, ಹೈಡ್ರೋಮೀಟರ್ ತಂತಮ್ಮಷ್ಟಕ್ಕೆ ನಿಷಿದ್ಧ ವಸ್ತುಗಳಲ್ಲ. ಬೇಕರಿಯಲ್ಲೂ ಯೀಸ್ಟ್ ಇರುತ್ತೆ. ಆದರೆ ಉದ್ದೇಶ ಸಾಬೀತಾದರೆ ಅದೇ ಬಕೆಟ್ ಸಾಕ್ಷಿಯಾಗುತ್ತೆ.

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ದ್ರಾಕ್ಷಿ ವೈನ್ ಮಾಡುವ ರೂಢಿ ಇದೆ. ಕೊಡಗಿನ ಪ್ರವಾಸಿ ಅಂಗಡಿಗಳಲ್ಲಿ 'ಹೋಮ್‌ಮೇಡ್ ವೈನ್' ಎಂಬ ಫಲಕ ಸಾಮಾನ್ಯ. ಶುಂಠಿ, ವೀಳ್ಯದೆಲೆ, ಪ್ಯಾಶನ್ ಫ್ರೂಟ್ ಎಲ್ಲದರ ವೈನ್ ಇದೆ. ಫಲಕ ಇದೆ ಎಂದಮಾತ್ರಕ್ಕೆ ಪರವಾನಗಿ ಇದೆ ಎಂದಲ್ಲ. ಕೇರಳದಲ್ಲಿ 2019ರ ಕ್ರಿಸ್ಮಸ್‌ಗೆ ಮೊದಲು ಅಲ್ಲಿನ ಅಬಕಾರಿ ಇಲಾಖೆ ಮನೆ ವೈನ್ ಕೂಡ ಕಾನೂನುಬಾಹಿರ ಎಂದು ಎಚ್ಚರಿಸಿದಾಗ ದೊಡ್ಡ ಚರ್ಚೆಯೇ ಆಯಿತು. ರೂಢಿಯನ್ನು ನೋಡಿಯೂ ನೋಡದಂತೆ ಇರುವುದು ಅಧಿಕಾರಿಗಳ ಮರ್ಜಿ, ಜನರ ಹಕ್ಕಲ್ಲ. ಆ ಮರ್ಜಿ ಎಲ್ಲರಿಗೂ ಒಂದೇ ಥರ ಸಿಗುವುದೂ ಇಲ್ಲ. ನಗರದ ಹವ್ಯಾಸಿಯ ಬಕೆಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳ್ಳಿಯ ಹಿತ್ತಲಿನ ಕೊಡ ಬೇಗ ಬೀಳುತ್ತೆ.

ಸೇಂದಿಯ ಕಥೆ ಇದಕ್ಕೆ ಉದಾಹರಣೆ. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ರಾಜ್ಯದ ಉಳಿದ ಭಾಗದಲ್ಲಿ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮದ್ಯ ಮಾತ್ರ ನಿಲ್ಲಲಿಲ್ಲ. ಕಾರ್ಖಾನೆಯ ಬಾಟಲಿ ಆ ಜಾಗಕ್ಕೆ ಬಂತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ರಾಜ್ಯ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಈಡಿಗ ಸಮುದಾಯದ ಸಂಘಟನೆಗಳು ಸೇಂದಿ ಇಳಿಸಲು ಮತ್ತೆ ಅವಕಾಶ ಕೊಡಿ ಎಂದು ಕೇಳುತ್ತಲೇ ಇವೆ.

ಬೇರೆ ಕಡೆ ಹೇಗಿದೆ?

ಬ್ರಿಟನ್‌ನಲ್ಲಿ ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಕಿಟ್ ಉದ್ಯಮ ಬೆಳೆದದ್ದು ಆಮೇಲೆ. ಅಮೆರಿಕದಲ್ಲಿ 1978ರ ಕಾನೂನು ಮನೆ ಬಿಯರ್‌ಗೆ ಅವಕಾಶ ಕೊಟ್ಟಿತು. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಈ ಎರಡೂ ದೇಶಗಳಲ್ಲಿ ಗೆರೆ ಎಳೆದಿರುವುದು ಬಟ್ಟಿ ಇಳಿಸುವ ಹತ್ತಿರ: ಹುದುಗಿಸಿ ಕುಡಿಯಬಹುದು, ಬಟ್ಟಿ ಇಳಿಸುವಂತಿಲ್ಲ. ಅಲ್ಲಿ ನೆಲೆಸಿರುವ ನಮ್ಮವರು ಕಾನೂನಿನ ಒಳಗೇ ಮಾಡುವ ಸೈಡರ್ ಅನ್ನು, ಊರಿಗೆ ಬರುವಾಗ ಕಿಟ್ ತಂದು ತೋಟದ ಮನೆಯಲ್ಲಿ ಮಾಡಿದರೆ ಅಪ್ಪ-ಅಮ್ಮನ ತಲೆಗೆ ಕೇಸು.

ಭಾರತದಲ್ಲೂ ಬದಲಾವಣೆ ಇದೆ. ಮೇಘಾಲಯ 2020ರಲ್ಲಿ ಹಣ್ಣಿನ ವೈನ್ ತಯಾರಿಕೆಗೆ ಪರವಾನಗಿಯ ದಾರಿ ತೆರೆಯಿತು. ಕೇರಳ 2022ರಲ್ಲಿ ತನ್ನದೇ ಕೃಷಿ ಉತ್ಪನ್ನಗಳಿಂದ ಕಡಿಮೆ ಆಲ್ಕೋಹಾಲ್‌ನ ವೈನ್ ಮಾಡುವ ಸಣ್ಣ ಘಟಕಗಳಿಗೆ ನಿಯಮ ತಂದಿತು. ಕರ್ನಾಟಕಕ್ಕೆ 2007ರಿಂದಲೇ ವೈನ್ ನೀತಿ ಇದೆ. ಆದರೆ ಅದರ ಹೆಸರಿನಲ್ಲೇ ದ್ರಾಕ್ಷಿ ಇದೆ. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಸಿಕ್ಕ ಗಮನ ಸಾಗರದ ಅನಾನಸ್‌ಗೆ ಸಿಕ್ಕಿಲ್ಲ. ತೆಂಗು ಬೆಳೆಗಾರರು ಕೇಳಿದಾಗ ನೀರಾಗೆ ಅಂತ ಕಾಯ್ದೆ ತಿದ್ದಿದ್ದೂ ಇದೇ ರಾಜ್ಯ. ಮನಸ್ಸಿದ್ದರೆ ತಿದ್ದಲು ಸಾಧ್ಯ ಅಂತ ಅರ್ಥ.

ಹಾಗಾದರೆ ಮಲೆನಾಡಿಗೆ ಏನು ಬೇಕು?

ಮನೆಮನೆಯಲ್ಲೂ ಮದ್ಯ ಮಾಡಲು ಬಿಡಿ ಅನ್ನುವುದು ಸುಲಭದ ಬೇಡಿಕೆ. ಆದರೆ 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳ ಮಾತನ್ನು ಬದಿಗಿಟ್ಟು ಈ ಚರ್ಚೆ ಮಾಡುವಂತಿಲ್ಲ. ಮನೆಯೊಳಗಿನ ಕುಡಿತದ ಬೆಲೆ ತೆತ್ತವರು ಅವರು. ಹಣ್ಣಿನ ಹೆಸರಲ್ಲಿ ಇನ್ನೊಂದು ಬಾಟಲಿ ಮನೆಗೆ ಬಂದರೆ ಅವರಿಗೆ ಅದು ಬಾಟಲಿಯೇ.

ಹಾಗಾಗಿ ದಾರಿ ಇರುವುದು ಮನೆಯ ಬಕೆಟ್‌ನಲ್ಲಿ ಅಲ್ಲ, ಲೆಕ್ಕಕ್ಕೆ ಸಿಗುವ ಸಣ್ಣ ಘಟಕದಲ್ಲಿ. ರೈತರ ಉತ್ಪಾದಕ ಸಂಸ್ಥೆಯೋ ಸಹಕಾರ ಸಂಘವೋ ನಡೆಸುವಂಥದ್ದು. ಆಲ್ಕೋಹಾಲ್‌ಗೆ ಮೇಲ್ಮಿತಿ, ಪ್ರತಿ ತಯಾರಿಗೂ ಪರೀಕ್ಷೆ, ಬಟ್ಟಿ ಇಳಿಸುವುದಕ್ಕೆ ಪೂರ್ತಿ ನಿಷೇಧ, ಸಣ್ಣವರಿಗೆ ಕಟ್ಟಲಾಗುವ ಪರವಾನಗಿ ಶುಲ್ಕ. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಯಾವ ಹಣ್ಣಿಗೆ ಯಾವ ಯೀಸ್ಟ್, ಎಷ್ಟು ದಿನ, ಎಷ್ಟು ಖರ್ಚು ಅನ್ನುವುದನ್ನು ಪ್ರಯೋಗ ಮಾಡಿ ಹೇಳಲು ಅದಕ್ಕಿಂತ ಹತ್ತಿರದ ಜಾಗ ಬೇರೆ ಇಲ್ಲ.

ಈಗಲೇ, ಕಾನೂನಿನ ಒಳಗೆ ಏನು ಮಾಡಬಹುದು?

ನೀತಿ ಬರುವವರೆಗೆ ಹಣ್ಣು ಕಾಯುವುದಿಲ್ಲ. ಹುದುಗುವ ಮೊದಲೇ ತಡೆಯುವುದು ಒಂದು ದಾರಿ. ರಸವನ್ನು ಸುಮಾರು 85-90 ಡಿಗ್ರಿಗೆ ಬಿಸಿ ಮಾಡಿ, ಬಿಸಿ ಇರುವಾಗಲೇ ಶುದ್ಧ ಬಾಟಲಿಗೆ ತುಂಬಿ ಮುಚ್ಚಿದರೆ ಯೀಸ್ಟ್ ಸಾಯುತ್ತೆ, ರಸ ಉಳಿಯುತ್ತೆ. ಅನಾನಸ್ ಸ್ಕ್ವಾಷ್, ಮುರುಗಲು ಪಾಕ, ಹಲಸಿನ ಹಪ್ಪಳ, ಒಣಗಿಸಿದ ತೊಳೆ, ಇವಕ್ಕೆ ಅಬಕಾರಿ ಇಲಾಖೆಯ ಹಂಗಿಲ್ಲ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಅನಾನಸ್. ಯಂತ್ರೋಪಕರಣಕ್ಕೆ ಯೋಜನೆಯಡಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ರಾಜ್ಯ ತನ್ನ ಪಾಲು ಸೇರಿಸಿ ಅದನ್ನು ಶೇ. 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿದೆ.

ವಿನೆಗರ್ ಇನ್ನೊಂದು ದಾರಿ ಅನ್ನಿಸಬಹುದು. ಆದರೆ ಹಣ್ಣಿನ ರಸ ವಿನೆಗರ್ ಆಗುವ ಮೊದಲು ಆಲ್ಕೋಹಾಲ್ ಹಂತ ದಾಟಲೇಬೇಕು. ಹಾಗಾಗಿ ವ್ಯಾಪಾರಕ್ಕೆ ಇಳಿಯುವವರು ಮೊದಲು ಅಬಕಾರಿ ಕಚೇರಿಯಲ್ಲಿ ಬರಹದಲ್ಲೇ ಕೇಳಿಕೊಳ್ಳುವುದು ಕ್ಷೇಮ.

ಮಾರುಕಟ್ಟೆಯೂ ಹತ್ತಿರ ಬಂದಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ, ಸಿಗಂದೂರು ಭಾಗದ ಜನ ಲಾಂಚ್‌ಗೆ ಕಾಯಬೇಕಿಲ್ಲ. ಹಣ್ಣು ಅದೇ ದಿನ ಸಾಗರ ಮುಟ್ಟುತ್ತೆ. ಚೌಡೇಶ್ವರಿ ದರ್ಶನಕ್ಕೆ ಬರುವ ಯಾತ್ರಿಕರು ಹಿನ್ನೀರಿನ ಬಿಸಿಲಲ್ಲಿ ಬಾಯಾರಿ ಕೇಳುವುದು ತಣ್ಣನೆಯ ಪಾನಕವನ್ನು. ಆ ಬಾಟಲಿಯಲ್ಲಿ ದೂರದ ಕಂಪನಿಯ ಬಣ್ಣದ ನೀರು ಇರಬೇಕೋ, ಇಲ್ಲೇ ಬೆಳೆದ ಮುರುಗಲು-ಅನಾನಸ್ ಇರಬೇಕೋ ಅನ್ನುವುದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ತಿದ್ದುಪಡಿ ಬೇಕಿರುವುದು ಅದರ ಮುಂದಿನ ಹೆಜ್ಜೆಗೆ. ಅದನ್ನು ಕೇಳಬೇಕಾದವರು ಈ ಮೂರು ತಾಲ್ಲೂಕುಗಳ ಬೆಳೆಗಾರರು, ಉತ್ತರ ಕೊಡಬೇಕಾದದ್ದು ವಿಧಾನಸಭೆ.